ಒಂದು ಸೀಮಂತಕ್ಕೆ ಎರಡೂವರೆ ರೇಖಿ ಗುರುಗಳು

ಹೆಣ್ಣು ಮಗು!

ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಮೊನ್ನೆ ಗುರುವಾರ ಬೆಳಗ್ಗೆ ನನ್ನ ಮಗಳು ಸುಜಾತಳಿಗೆ ಹೆಣ್ಣು ಮಗು ಹುಟ್ಟಿದೆ. ತಾಯಿ, ಮಗು ಇಬ್ಬರೂ ಕ್ಷೇಮ. ಮಗುವಿಗೆ ತಲೆ ತುಂಬ ಕೂದಲು. ಮೂಗು ನಮ್ಮ ಕಡೆಯದು. (ಬೀಗರ ಮನೆಗೂ ಈ ಪತ್ರಿಕೆ ಹೋಗುತ್ತದೆ ಎಂದು ನನಗೆ ಗೊತ್ತು. ಆದರೂ ಮೂಗು ನಮ್ಮ ಕಡೆಯದೇ.)

ಈ ವಾರ ತರಕಾರಿ ರೇಟಿನ ಬಗ್ಗೆ ಬರೆಯುತ್ತೇನೆ ಎಂದು ಸಂಪಾದಕರಿಗೆ ಮಾತು ಕೊಟ್ಟಿದ್ದೆ. ತರಕಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಅಜ್ಜಿಯಾಗಿದ್ದೇನೆ. ನಮ್ಮ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸಿಕ್ಕಿದವರಿಗೆಲ್ಲ ಪೇಡಾ ಕೊಟ್ಟಿದ್ದೇನೆ. ಬೇಡ ಎಂದವರ ಕೈಗೂ ತುರುಕಿದ್ದೇನೆ. ಕರೆಂಟ್ ಮೀಟರ್ ನೋಡಲು ಬಂದವರು ಬಿಲ್ಲು ಹಿಡಿದು ನಿಂತಿದ್ದರು, ಅವರ ಬಾಯಿಗೇ ಹಾಕಿದೆ.

ಜಗತ್ತಿನಲ್ಲಿ ಯಾರೂ ಅಜ್ಜಿಯಾಗಿಲ್ಲವೇ, ಇದೇನು ಈಕೆಯದು ಎಂದು ನೀವು ಕೇಳಬಹುದು. ಆಗಿದ್ದಾರೆ, ಬೇಕಾದಷ್ಟು ಜನ. ಆದರೆ ನನ್ನ ಈ ಮೊಮ್ಮಗಳು ಕೈಗೆ ಸಿಗುವ ಮೊದಲೇ ಜಾರಿಹೋಗುವುದರಲ್ಲಿದ್ದಳು. ಅದೂ ಯಾವುದರ ದೆಸೆಯಿಂದ? ರೇಖಿಯ ದೆಸೆಯಿಂದ!

ರೇಖಿ ಗೊತ್ತಲ್ಲ? ಮೈಮೇಲೆ ಕೈ ಇಟ್ಟು ಕಾಯಿಲೆ ವಾಸಿ ಮಾಡುವ ಜಪಾನಿನ ವಿದ್ಯೆ. ಈಗ ಶಿವಮೊಗ್ಗದಲ್ಲಿ ಕಂಪ್ಯೂಟರ್ ಕ್ಲಾಸಿನ ಬೋರ್ಡು ಇಲ್ಲದ ಬೀದಿ ಸಿಕ್ಕೀತು, ರೇಖಿಯ ಬೋರ್ಡು ಇಲ್ಲದ ಬೀದಿ ಸಿಗುವುದು ಕಷ್ಟ. ಅದಕ್ಕೆ ಮೊದಲು ಮುಳ್ಳುಮುಳ್ಳಿನ ಅಕ್ಯುಪ್ರೆಶರ್ ಚಪ್ಪಲಿ ಬಂದಿತ್ತು. ಅದಕ್ಕೂ ಮೊದಲು ಅಯಸ್ಕಾಂತ ಹಾಕಿದ ನೀರು. ನಮ್ಮ ಯಜಮಾನರು ಆ ಚಪ್ಪಲಿ ಹಾಕಿಕೊಂಡು ಒಂದು ವಾರ ಕುಂಟಿದರು.

ನನ್ನದು ಹುಟ್ಟು ಅನುಮಾನದ ಸ್ವಭಾವ. ಹಾಲಿನವನು ನಕ್ಕರೆ ನಾನು ಅವನ ಮುಖ ನೋಡುವುದಿಲ್ಲ, ಹಾಲು ನೋಡುತ್ತೇನೆ. ಓದಿದ್ದು ನಾಲ್ಕನೇ ಕ್ಲಾಸು. ಅನುಮಾನ ಪಡುವುದಕ್ಕೆ ಅಷ್ಟು ಓದು ಧಾರಾಳವಾಯಿತು.

ಸುಜಾತ ಮದುವೆಯಾಗಿ ಶಿವಮೊಗ್ಗದ ರವೀಂದ್ರನಗರ ಸೇರಿದಳು. ಅಳಿಯ ಮಹೇಶ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಒಳ್ಳೆಯ ಹುಡುಗ, ಸ್ವಲ್ಪ ಮೆತ್ತಗೆ. ಎರಡು ಸಲ ಬಸಿರು ನಿಂತಿತು, ಎರಡು ಸಲವೂ ಉಳಿಯಲಿಲ್ಲ. ಎರಡನೆಯದು ಹೋದ ಮೇಲೆ ನನ್ನ ಮಗಳು ಮಾತು ಬಿಟ್ಟಳು. ಆಫ್ ಆಗಿರುವ ಟಿವಿಯ ಮುಂದೆ ಕೂತಿರುತ್ತಿದ್ದಳು. ಹೋಗಿ "ಏನು ನೋಡ್ತಿದ್ದೀಯೇ" ಎಂದರೆ "ಏನಿಲ್ಲಮ್ಮ" ಎನ್ನುತ್ತಿದ್ದಳು. ನಿಜವಾಗಿಯೂ ಅಲ್ಲಿ ಏನೂ ಇರುತ್ತಿರಲಿಲ್ಲ.

ಆಗ ಅವರ ಹಿಂದಿನ ಬೀದಿಯ ಮೇಡಂ ಒಬ್ಬರು ಬಂದು ಕರೆದರು. ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವರು. ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ರೇಖಿ ಕಲಿಸುತ್ತಿದ್ದರು. "ಸುಮ್ನೆ ಬಂದು ಕೂತ್ಕೋ ಸುಜಾತ, ಮನಸ್ಸು ಹಗುರ ಆಗುತ್ತೆ" ಎಂದರಂತೆ.

ಮಗಳನ್ನು ಒಬ್ಬಳೇ ಕಳಿಸುತ್ತೇನೆಯೇ? ಭದ್ರಾವತಿಯಿಂದ ಬಸ್ಸು ಹತ್ತಿ ಹೋದೆ. ನನಗೂ ಕಲಿಸಿ ಎಂದು ಕೂತೆ.

ಮೂಲೆಯಲ್ಲಿ ಊದುಬತ್ತಿ. ಟೇಪ್ ರೆಕಾರ್ಡರಿನಲ್ಲಿ ಕೊಳಲು. ನಾವು ಐದಾರು ಹೆಂಗಸರು ಕೈ ಜೋಡಿಸಿ, ಕಣ್ಣು ಮುಚ್ಚಿ ಕೂತಿದ್ದೆವು. ಮೇಡಂ ಒಬ್ಬೊಬ್ಬರ ಹಿಂದೆ ಬಂದು ನೆತ್ತಿಯ ಮೇಲೆ ಕೈಯಾಡಿಸಿ ದೀಕ್ಷೆ ಕೊಡುತ್ತಿದ್ದರು. ನನ್ನ ಸರದಿ ಬಂದಾಗ ಏನು ಮಾಡುತ್ತಾರೋ ನೋಡೋಣ ಎಂದು ಒಂದು ಕಣ್ಣು ಬಿಟ್ಟೆ.

"ಕಣ್ಣು ಮುಚ್ಕೊಳ್ಳಿ ಅಮ್ಮ."

"ಮುಚ್ಚಿದೀನಿ ಮೇಡಂ. ಇನ್ನೊಂದು."

ಮುಗಿದ ಮೇಲೆ ಕೇಳಿದರು, "ಅಂಗೈ ಬಿಸಿ ಆಯ್ತಾ?" ಎಲ್ಲರೂ ಆಯ್ತು ಎಂದರು. ನನ್ನದೂ ಆಗಿತ್ತು. ಆದರೆ ಅದು ಮೇ ತಿಂಗಳು. ಮೇ ತಿಂಗಳಿನಲ್ಲಿ ಶಿವಮೊಗ್ಗದಲ್ಲಿ ಯಾರ ಕೈ ತಣ್ಣಗಿರುತ್ತದೆ ಹೇಳಿ?

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು (ಕಾರ್ಖಾನೆಯಲ್ಲಿ ದುಡಿದು ಈಗ ಮನೆಯಲ್ಲಿ ನನ್ನ ತಲೆ ತಿನ್ನುತ್ತಿರುವವರು) ಕೈ ಮುಟ್ಟಿ ನೋಡಿದರು. "ಪರವಾಗಿಲ್ಲ ಮಾರಾಯ್ತಿ. ಇನ್ಮೇಲೆ ಸ್ನಾನದ ನೀರು ಕಾಯಿಸೋಕೆ ಸೌದೆ ಬೇಡ."

ನಗಲಿ. ಆದರೆ ಒಂದು ಮಾತು ನಿಜ ಹೇಳಬೇಕು. ಸುಜಾತ ಆ ಚಾಪೆಯ ಮೇಲೆ ಕೂತು ಬಂದ ಒಂದು ತಿಂಗಳಿಗೆ ಒಗ್ಗರಣೆ ಹಾಕುತ್ತಾ ತನ್ನಷ್ಟಕ್ಕೆ ಹಾಡು ಗುನುಗಿದಳು. ಅದು ಜಪಾನಿನ ಶಕ್ತಿಯೋ, ನಾಲ್ಕು ಹೆಂಗಸರ ಜೊತೆ ಮಾತಾಡಿದ್ದರ ಶಕ್ತಿಯೋ, ಯಾವನಿಗೆ ಗೊತ್ತು? ನಾನು ಬಾಯಿ ಮುಚ್ಚಿಕೊಂಡೆ. ಮಗಳು ಹಾಡುವಾಗ ಅನುಮಾನ ಪಡುವ ತಾಯಿ ಯಾರು?

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ಯಾರೋ ಹೇಳಿದರು, ನಿಮ್ಮ ಮೇಡಂದು ಬರೀ ಮೊದಲನೇ ಮೆಟ್ಟಿಲು, ಭದ್ರಾವತಿಯಲ್ಲಿ ಒಬ್ಬ ಗುರೂಜಿ ಇದ್ದಾರೆ, ಅವರದು ಪವರ್ ಜಾಸ್ತಿ ಅಂತ. ನಮ್ಮ ಓಲ್ಡ್ ಟೌನಿನಲ್ಲೇ, ಪಾತ್ರೆ ಅಂಗಡಿಯ ಮಹಡಿಯ ಮೇಲೆ. ಬೋರ್ಡಿನಲ್ಲಿ 'ರೇಖಿ ಗ್ರ್ಯಾಂಡ್ ಮಾಸ್ಟರ್' ಎಂದಿತ್ತು. ನಮ್ಮ ಕಾಲದಲ್ಲಿ ಮಾಸ್ಟರ್ ಎಂದರೆ ಡ್ರಿಲ್ ಮಾಸ್ಟರ್, ಇಲ್ಲ ಡ್ರೆಸ್ ಹೊಲಿಯುವ ಮಾಸ್ಟರ್. ಇವರು ಏನು ಹೊಲಿಯುತ್ತಾರೆ ಎಂದು ನೋಡಲು ನಾನೂ ಮೆಟ್ಟಿಲು ಹತ್ತಿದೆ.

ಗುರೂಜಿ ಬಿಳಿ ಜುಬ್ಬಾ ಹಾಕಿಕೊಂಡು ಹುಲಿಚರ್ಮದ ಚಿತ್ರವಿದ್ದ ಕಂಬಳಿಯ ಮೇಲೆ ಕೂತಿದ್ದರು. ಮುಖ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. (ಇವೆರಡೂ ಒಟ್ಟಿಗೆ ಇದ್ದರೆ ನನಗೆ ಅನುಮಾನ ಇಮ್ಮಡಿಯಾಗುತ್ತದೆ.)

"ಮುಂಚೆ ಯಾರ ಹತ್ರ ಕಲ್ತಿದ್ದೀರಮ್ಮ?"

ಸುಜಾತ ಹೇಳಿದಳು. ಗುರೂಜಿ ಹಲ್ಲುನೋವು ಬಂದವರ ಹಾಗೆ ಮುಖ ಮಾಡಿದರು.

"ಆ ಪರಂಪರೆಯಲ್ಲಿ ಸೋರಿಕೆ ಇದೆ. ಮೊದಲು ಅದನ್ನ ತೊಳೀಬೇಕು. ತೊಳೆದ ಮೇಲೇ ನಮ್ಮದು ಹಿಡಿಯೋದು."

ಕೆಳಗಡೆ ಪಾತ್ರೆ ಅಂಗಡಿ ಇರುವಾಗ ಮೇಲೆ ತೊಳೆಯುವ ಮಾತು ಬರುವುದು ಸಹಜವೇ. ನನ್ನನ್ನೂ ತೊಳೆದರು. ಎರಡನೇ ದೀಕ್ಷೆಯಾಯಿತು. ಮೇಡಂ ಕಲಿಸಿದ್ದು ತಲೆಯಿಂದ ಶುರು ಮಾಡಿ ಕಾಲಿಗೆ ಇಳಿಯಬೇಕು ಎಂದು. ಗುರೂಜಿ ಹೇಳಿದ್ದು ಕಾಲಿನಿಂದ ಶುರು ಮಾಡಿ ತಲೆಗೆ ಹತ್ತಬೇಕು ಎಂದು. ಮೇಡಂ ಮೈ ಮುಟ್ಟಿ ಕೈ ಇಡುತ್ತಿದ್ದರು. ಗುರೂಜಿ ನಾಲ್ಕು ಬೆರಳು ದೂರ ಹಿಡಿಯಬೇಕು ಎಂದರು. ಶಕ್ತಿಯ ಚಿಹ್ನೆ ಎಂದು ಗಾಳಿಯಲ್ಲಿ ಬೆರಳಿನಿಂದ ಬರೆಯುವುದೊಂದಿದೆ. ಒಬ್ಬರದು ಬಲಕ್ಕೆ ಸುತ್ತಿದರೆ ಇನ್ನೊಬ್ಬರದು ಎಡಕ್ಕೆ. ಸುಜಾತ ನಮ್ಮ ಮನೆಯ ಜಗಲಿಯಲ್ಲಿ ಕೂತು ಗಾಳಿಯಲ್ಲಿ ಬರೆದು ಬರೆದು ಅಭ್ಯಾಸ ಮಾಡುತ್ತಿದ್ದಳು.

"ನೊಣ ಓಡಿಸ್ತಿದ್ದೀಯೇನೇ?" ಎಂದರು ಅವರಪ್ಪ.

"ಅಪ್ಪ, ಇದು ಗುಟ್ಟು. ನೋಡಬಾರದು."

"ನಾನೇನೂ ನೋಡ್ಲಿಲ್ಲ. ಜಿಲೇಬಿ ತರ ಇತ್ತು, ಅಷ್ಟೇ."

ಇಷ್ಟರ ಮೇಲೆ ಮೂರನೆಯವರೊಬ್ಬರು. ಬೇರೆ ಊರಿನಿಂದ ಬಂದು ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನ ಹಾಲ್‌ನಲ್ಲಿ ಕ್ಲಾಸು ಮಾಡುವ ಚಿಕ್ಕ ವಯಸ್ಸಿನ ಸರ್. ಅವರದು ಟಿಬೆಟ್ಟಿನ ಪದ್ಧತಿಯಂತೆ. ದಾರಕ್ಕೆ ಒಂದು ಹರಳು ಕಟ್ಟಿ ತೂಗುಬಿಡುತ್ತಿದ್ದರು. ಮುಂದೆ ಹಿಂದೆ ಆಡಿದರೆ ಹೌದು, ಅಕ್ಕಪಕ್ಕ ಆಡಿದರೆ ಇಲ್ಲ. "ಏನು ಬೇಕಾದ್ರೂ ಕೇಳಿ ಆಂಟಿ" ಎಂದರು. ನಮ್ಮ ಯಜಮಾನರು ಬೀಡಿ ಬಿಟ್ಟಿದ್ದಾರಾ ಎಂದು ಕೇಳಿದೆ. ಹರಳು ಚೆನ್ನಾಗಿ ಮುಂದೆ ಹಿಂದೆ ಆಡಿ ಹೌದು ಎಂದಿತು.

ಅಕ್ಕಿ ಡಬ್ಬದ ಹಿಂದೆ ಅವತ್ತು ಬೆಳಗ್ಗೆಯಷ್ಟೇ ಬೀಡಿ ಕಟ್ಟು ನೋಡಿ ಬಂದಿದ್ದೆ. ಟಿಬೆಟ್ಟಿನ ವಿಷಯ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಮೂರೂ ಜನ ಹೇಳಿದ್ದರಲ್ಲಿ ಒಂದೇ ಒಂದು ಮಾತು ಹೊಂದುತ್ತಿತ್ತು. "ಬೇರೆ ಕಡೆ ಹೋಗ್ಬೇಡಿ." ಮೇಡಂ ಕೂಡ ಮೆತ್ತಗೆ ಹೇಳಿದ್ದರು, ಎರಡು ಕಡೆ ದೀಕ್ಷೆ ತೆಗೆದುಕೊಂಡರೆ ಶಕ್ತಿಗೆ ಗೊಂದಲವಾಗುತ್ತದೆ ಅಂತ. ಹಾಗಾಗಿ ಸುಜಾತ ಆಮೇಲೆ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲೇ ಇಲ್ಲ. ಇಬ್ಬರು ಟೈಲರ್‌ಗಳ ಹತ್ತಿರ ರವಿಕೆ ಹೊಲಿಸುವವಳ ಹಾಗೆ ಕದ್ದು ಓಡಾಡಿದಳು.

ಅಷ್ಟರಲ್ಲಿ ಅವಳು ಮೂರನೇ ಸಲ ಬಸುರಿಯಾದಳು. ಮೂರು ತಿಂಗಳು ದಾಟಿತು. ಐದು ದಾಟಿತು. ನಾವು ಯಾರೂ ಜೋರಾಗಿ ಉಸಿರು ಬಿಡಲಿಲ್ಲ. ಗುರುಗಳು ಮಾತ್ರ ತಂತಮ್ಮ ಶಕ್ತಿ ಎಂದು ಜೋರಾಗಿಯೇ ಹೇಳಿಕೊಂಡರು. ಆರನೇ ತಿಂಗಳಲ್ಲಿ ಡಾಕ್ಟ್ರಮ್ಮ ಬಿಪಿ ಜಾಸ್ತಿ ಇದೆ ಎಂದು ಮಾತ್ರೆ ಬರೆದುಕೊಟ್ಟರು. ಒಂದು ದಿನವೂ ತಪ್ಪಿಸಬಾರದು, ತಪ್ಪಿಸಿದರೆ ತಾಯಿಗೂ ಮಗುವಿಗೂ ಅಪಾಯ ಎಂದು ಬೆರಳು ತೋರಿಸಿ ಹೇಳಿದರು.

ಏಳನೇ ತಿಂಗಳಿಗೆ ರವೀಂದ್ರನಗರದ ಬೀಗರ ಮನೆಯಲ್ಲಿ ಸೀಮಂತ ಎಂದು ನಿಶ್ಚಯವಾಯಿತು. ನಾನು ವಾರ ಮೊದಲೇ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಕರೆಯಲು ಹೊರಟೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಮಗಳಿಗೆ ಅಕ್ಷರ ಕಲಿಸಿದವರು, ಹೊಲಿಗೆ ಕಲಿಸಿದವರು, ಹಾಡು ಕಲಿಸಿದವರು, ಹೀಗೆ ಏನೇ ವಿದ್ಯೆ ಕೊಟ್ಟವರನ್ನು ಮನೆಗೆ ಹೋಗಿ ಕರೆಯದೆ ಸೀಮಂತ ಮಾಡುವುದಿಲ್ಲ. ಕರೆಯದಿದ್ದರೆ ಬಸುರಿಗೆ ಒಳ್ಳೆಯದಲ್ಲ. ಹಾಗಿದ್ದ ಮೇಲೆ ದೀಕ್ಷೆ ಕೊಟ್ಟವರನ್ನು ಬಿಡಲಾಗುತ್ತದೆಯೇ? ನನ್ನ ಅನುಮಾನ ನನ್ನ ಹತ್ತಿರ, ಪದ್ಧತಿ ಪದ್ಧತಿಯ ಹತ್ತಿರ. ಮೇಡಂ ಮನೆಗೆ ಹೋಗಿ ಕುಂಕುಮ ಇಟ್ಟೆ. ಪಾತ್ರೆ ಅಂಗಡಿಯ ಮಹಡಿ ಹತ್ತಿ ಗುರೂಜಿಗೆ ಅಕ್ಷತೆ ಕೊಟ್ಟೆ. ಹರಳಿನ ಸರ್‌ಗೆ ಫೋನು ಮಾಡಿಸಿದೆ.

ಅವರು ಬರಲಾಗುವುದಿಲ್ಲ ಎಂದರು. ಆಶೀರ್ವಾದ ದೂರದಿಂದಲೇ ಕಳಿಸುತ್ತಾರಂತೆ.

"ಊಟಾನೂ ದೂರದಿಂದಲೇ ಮಾಡ್ತಾನಂತಾ ಕೇಳು" ಎಂದರು ಯಜಮಾನರು.

ಸೀಮಂತದ ಹಿಂದಿನ ದಿನ ಹಸಿರು ಬಳೆ, ಸೀರೆ, ಹೂವು, ಹಣ್ಣು ಹೊತ್ತುಕೊಂಡು ರವೀಂದ್ರನಗರಕ್ಕೆ ಹೋದೆವು. ಮಗಳ ಪಾದಕ್ಕೆ ಅರಿಶಿನ ಹಚ್ಚೋಣ ಎಂದು ಕೂತೆ. ಕೂತವಳು ಹಾಗೇ ಉಳಿದೆ. ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು. ಪಾದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ತಲೆ ಎತ್ತಿ ನೋಡಿದರೆ ಮುಖವೂ ದಪ್ಪ.

"ಮಾತ್ರೆ ತಗೊಳ್ತಿದ್ದೀಯಾ?"

ಸೀರೆಯ ನೆರಿಗೆ ಎಳೆದು ಪಾದ ಮುಚ್ಚಿಕೊಂಡಳು.

"ಸುಜಾತ, ಕೇಳ್ತಿರೋದು ನಿನ್ನನ್ನೇ."

"ನಾಲ್ಕು ದಿನದಿಂದ ಬಿಟ್ಟಿದೀನಮ್ಮ. ಗುರೂಜಿ ಶುದ್ಧಿ ಮಾಡಿಸ್ತಿದ್ದಾರೆ. ಮಾತ್ರೆ ಹೊಟ್ಟೇಲಿದ್ರೆ ಶಕ್ತಿಗೆ ಅಡ್ಡ ಬರುತ್ತಂತೆ. ಮಗೂಗೇ ನೇರ ಹೋಗಬೇಕಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ಬೈದೆ. ಮಹೇಶನನ್ನು ಕರೆದೆ. ಅವನಿಗೂ ಗೊತ್ತಿರಲಿಲ್ಲ. ಪೆಚ್ಚಾಗಿ ನಿಂತ. ನಾನೇ ಮಾತ್ರೆ, ನೀರು ತಂದು ಮುಂದೆ ಹಿಡಿದೆ. ಅವಳು ಲೋಟ ಪಕ್ಕಕ್ಕೆ ಸರಿಸಿದಳು.

"ಮೊದಲ್ನೇ ಸಲ ಮಾತ್ರೆ ತಗೊಂಡಿದ್ದೆ. ಎರಡ್ನೇ ಸಲಾನೂ ತಗೊಂಡಿದ್ದೆ. ಉಳೀತೇನಮ್ಮ?"

ಇದಕ್ಕೆ ನಾನು ಏನು ಹೇಳಲಿ? ನೀವಾದರೆ ಏನು ಹೇಳುತ್ತಿದ್ದಿರಿ?

"ನಿನಗೆ ಎಲ್ಲದರ ಮೇಲೂ ಅನುಮಾನ" ಎಂದಳು. "ನನಗೆ ಒಂದನ್ನಾದ್ರೂ ನಂಬಬೇಕು ಅನ್ಸುತ್ತೆ. ನಂಬೋಕೆ ಬಿಡು."

ಡಾಕ್ಟ್ರಮ್ಮನ ಮನೆಗೆ ಮಹೇಶ ಫೋನು ಮಾಡಿದ. ತಕ್ಷಣ ಮಾತ್ರೆ ಶುರು ಮಾಡಿಸಿ, ಕರೆದುಕೊಂಡು ಬನ್ನಿ ಎಂದರು. ಅವಳು ಏಳಲೇ ಇಲ್ಲ. ನಾಳೆ ಗುರೂಜಿ ಬರುತ್ತಾರೆ, ಅವರು ಹೇಳಿದರೆ ತೆಗೆದುಕೊಳ್ಳುತ್ತೇನೆ ಎಂದಳು. ಹಾಗೆನ್ನುತ್ತಲೇ ಗಾಬರಿಯಾದಳು.

"ಅಮ್ಮ, ಮೇಡಂನೂ ಕರೆದಿದ್ದೀಯಾ? ಇಬ್ಬರನ್ನೂ?"

"ಕರೀದೆ ಇರೋಕಾಗುತ್ತೇನೆ?"

"ಅಯ್ಯೋ!"

ಮರುದಿನ ಹಸೆಮಣೆಯ ಮೇಲೆ ಕೂತಿದ್ದಳು. ತಲೆ ತುಂಬ ಮಲ್ಲಿಗೆ, ಕೈ ತುಂಬ ಹಸಿರು ಬಳೆ. ಎಲ್ಲರೂ ಎಷ್ಟು ಲಕ್ಷಣ ಎನ್ನುತ್ತಿದ್ದರು. ನನಗೆ ಆ ಊದಿದ ಮುಖ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೇಡಂ ಆರತಿ ಎತ್ತಿ, ಅಕ್ಷತೆ ಹಾಕಿ, ಅಭ್ಯಾಸಬಲದಿಂದ ಅವಳ ನೆತ್ತಿಯ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿದರು. ಅದೇ ಹೊತ್ತಿಗೆ ಗುರೂಜಿ ಬಂದರು. ನೆತ್ತಿಯ ಮೇಲೆ ಯಾರದೋ ಕೈ ನೋಡಿದರು. ತಾವು ಹೋಗಿ ಪಾದದ ಹತ್ತಿರ ಕೂತು, ನಾಲ್ಕು ಬೆರಳು ದೂರದಲ್ಲಿ ಕೈ ಚಾಚಿದರು.

ಮೇಡಂ ಕಣ್ಣು ಬಿಟ್ಟರು. "ಏನ್ ಮಾಡ್ತಿದ್ದೀರಿ?"

"ಶಕ್ತಿ ಕೊಡ್ತಿದೀನಿ. ನಮ್ಮ ಶಿಷ್ಯೆ."

"ನಿಮ್ಮ ಶಿಷ್ಯೆನಾ? ನನ್ನ ಹತ್ರ ಕಲ್ತವಳು ಅವಳು. ತಲೆಯಿಂದ ಶುರು ಮಾಡ್ಬೇಕು."

"ಅದು ನಿಮ್ಮಲ್ಲಿ. ನಿಮ್ಮದು ಯಾವ ಪರಂಪರೆ?"

"ನಿಮ್ಮದು ಯಾವುದು ಹೇಳಿ ಮೊದಲು."

ಗೋತ್ರ ವಿಚಾರಿಸಿದ ಹಾಗೆ ಇಬ್ಬರೂ ತಮ್ಮ ಗುರು, ಗುರುವಿನ ಗುರು ಎಂದು ಜಪಾನಿನವರೆಗೂ ಹೋದರು. ಮಧ್ಯದಲ್ಲಿ ನನ್ನ ಮಗಳು ಕಣ್ಣು ಕೆಳಗೆ ಹಾಕಿ ಕೂತಿದ್ದಳು. ಬೀಗಿತ್ತಿ ಆರತಿ ತಟ್ಟೆ ಹಿಡಿದು ಕಲ್ಲಾಗಿದ್ದರು.

ನಮ್ಮ ಯಜಮಾನರು ಬಾಗಿಲ ಹತ್ತಿರದಿಂದ, "ಒಬ್ಬರದು ಮೇಲಿಂದ ಇಳೀತಿದೆ, ಇನ್ನೊಬ್ಬರದು ಕೆಳಗಿಂದ ಹತ್ತುತ್ತಿದೆ. ಹೊಟ್ಟೆ ಹತ್ರ ಡಿಕ್ಕಿ ಹೊಡೀತಾವೆ, ನೋಡ್ಕೊಳ್ಳಿ ಮಾರಾಯ್ರೆ!" ಎಂದರು.

ಜನ ಘೊಳ್ಳೆಂದು ನಕ್ಕರು. ನಗೆಯಲ್ಲಿ ಜಗಳ ತೇಲಿ ಹೋಯಿತು. ಎಲೆ ಹಾಕಿದೆವು.

ಬಸುರಿಯನ್ನು ಮಧ್ಯದ ಎಲೆಗೆ ಕೂರಿಸಿದೆವು. ಎದುರು ಸಾಲಿನಲ್ಲಿ ಗುರೂಜಿ. ಮೇಡಂ ಅವರಿಂದ ನಾಲ್ಕು ಎಲೆ ಆಚೆ. ಕೋಸಂಬರಿ, ಪಲ್ಯ, ಚಿತ್ರಾನ್ನ ಎಲ್ಲ ಬಡಿಸಿಯಾಯಿತು. ಹೋಳಿಗೆ ಬಂತು. ಹಿಂದೆಯೇ ನಾನು ತುಪ್ಪದ ಗಿಂಡಿ ಹಿಡಿದುಕೊಂಡು ಹೊರಟೆ. ಗುರೂಜಿ ಎಲೆಯ ಮುಂದೆ ಬಂದಾಗ ಅವರು ಜುಬ್ಬಾದ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದರು. ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡರು.

ಮಾತ್ರೆ. ಒಂದಲ್ಲ, ಎರಡು.

"ಏನದು ಗುರುಗಳೇ?" ಎಂದೆ. ಆಣೆ ಮಾಡಿ ಹೇಳುತ್ತೇನೆ, ಸುಮ್ಮನೆ ಕೇಳಿದ್ದು. ಪಾಪ, ತಲೆನೋವೇನೋ, ನೀರು ತರಿಸೋಣ ಎಂದು.

"ಶುಗರ್ ಅಮ್ಮ" ಎಂದರು, ಮುಗ್ಧವಾಗಿ ನಗುತ್ತಾ. "ದಿನಾ ಒಂದು. ಇವತ್ತು ಹೋಳಿಗೆ ಇದೆಯಲ್ಲ, ಅದಕ್ಕೆ ಇನ್ನೊಂದು ಎಕ್ಸ್‌ಟ್ರಾ."

ಈ ಲೆಕ್ಕ ನಿಮಗೆ ಹೊಸದೇ? ನಮ್ಮ ಕಡೆ ಶುಗರ್ ಇರುವ ಅರ್ಧ ಜನ ಮದುವೆ ಮನೆಯಲ್ಲಿ ಇದನ್ನೇ ಮಾಡುತ್ತಾರೆ. ಡಾಕ್ಟರು ಹೇಳಿದ್ದಲ್ಲ, ಹೋಳಿಗೆ ಹೇಳಿದ್ದು. ತಪ್ಪು ಎಂದು ಗೊತ್ತು, ಆದರೂ ಮಾಡುತ್ತಾರೆ. ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. ಎರಡೂ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದರು.

ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದೆ. ನಾಲಗೆ ತುದಿಗೆ ಬಂದ ಮಾತು ನುಂಗಿದೆ. ಏಕೆಂದರೆ ನನ್ನ ಹಿಂದೆ ಸುಜಾತಳ ಬಳೆಗಳ ಸದ್ದು ನಿಂತಿತ್ತು.

"ಗುರೂಜಿ" ಎಂದಳು ಸುಜಾತ. "ಮಾತ್ರೆ ಶಕ್ತಿಗೆ ಅಡ್ಡ ಬರುತ್ತೆ ಅಂತ ನನ್ನ ಬಿಪಿ ಮಾತ್ರೆ ಬಿಡಿಸಿದ್ರಿ."

ಗುರೂಜಿ ಹೋಳಿಗೆ ಮುರಿಯುತ್ತಿದ್ದವರು ತಲೆ ಎತ್ತಿದರು. "ಅದು... ನಿಮ್ಮ ಹಂತದಲ್ಲಿ ಅಮ್ಮ. ನಮ್ಮ ಹಂತ ಬೇರೆ."

"ನಿಮ್ಮ ಹಂತದಲ್ಲಿ ಶಕ್ತಿ ಜಾಸ್ತಿ ಇರುತ್ತಲ್ಲ. ಆಗ ಮಾತ್ರೆ ಕಮ್ಮಿ ಬೇಕಲ್ವಾ?"

"ಅದು ಹಾಗಲ್ಲ. ಮೈಗೂ ಒಂದು ಧರ್ಮ ಇದೆ..."

ಅಷ್ಟು ಹೊತ್ತಿಗೆ ಮೇಡಂ ಎಲೆ ಬಿಟ್ಟು ಎದ್ದುಬಿಟ್ಟಿದ್ದರು. "ಬಿಪಿ ಮಾತ್ರೆ ಬಿಡಿಸಿದ್ದೀರಾ? ಏಳು ತಿಂಗಳ ಬಸುರಿಗೆ? ಏನ್ರೀ, ತಲೆ ನೆಟ್ಟಗಿದೆಯಾ? ನಾನೇ ಹತ್ತು ವರ್ಷದಿಂದ ಬಿಪಿ ಮಾತ್ರೆ ತಗೊಳ್ತೀನಿ. ತಗೊಂಡೇ ರೇಖಿ ಮಾಡ್ತೀನಿ!" ಆಮೇಲೆ ಸುಜಾತಳ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. "ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ? ಬೇರೆ ಕಡೆ ಹೋಗ್ಬೇಡ ಅಂದಿದ್ದೆ ಅಂತ ಭಯ ಆಯ್ತಾ?" ಎಂದರು. ಧ್ವನಿ ಇಳಿದುಹೋಗಿತ್ತು.

ಸುಜಾತ ಎಲೆಯಿಂದ ಕೈ ತೆಗೆದಳು. ನನ್ನ ಮುಖ ನೋಡಿದಳು.

"ಅಮ್ಮ, ನನ್ನ ಮಾತ್ರೆ ತಂದ್ಕೊಡು."

ತುಪ್ಪದ ಗಿಂಡಿ ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಓಡಿದೆ. ಈ ನೋಯುವ ಮಂಡಿ ಇಟ್ಟುಕೊಂಡು ಓಡಿದೆ. ಅವಳು ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿದೆ. (ಬಾಯಿ ತೆರೆಸಿ, ನಾಲಗೆ ಎತ್ತಿಸಿಯೂ ನೋಡಿದೆ. ಅನುಮಾನ ಅಂದಮೇಲೆ ಪೂರ್ತಿ ಇರಬೇಕು.) ಪಂಕ್ತಿ ಮುಗಿಯುವುದನ್ನೂ ಕಾಯದೆ ಮಹೇಶ ಆಟೋ ತಂದ. ಹಸಿರು ಬಳೆ, ಮಲ್ಲಿಗೆ ದಂಡೆಯ ಸಮೇತ ಡಾಕ್ಟ್ರಮ್ಮನ ಮುಂದೆ ಕೂರಿಸಿದೆವು.

ಡಾಕ್ಟ್ರಮ್ಮ ಬಿಪಿ ನೋಡಿದರು. ಇನ್ನೊಂದು ಸಲ ನೋಡಿದರು. "ಇನ್ನೊಂದೆರಡು ದಿನ ಹೀಗೇ ಬಿಟ್ಟಿದ್ರೆ ನನ್ನ ಹತ್ರ ಬಂದು ಏನೂ ಪ್ರಯೋಜನ ಇರ್ತಿರಲಿಲ್ಲ" ಎಂದರು. ಅಷ್ಟೇ. ಬೈಯಲೂ ಇಲ್ಲ. ಅಡ್ಮಿಟ್ ಮಾಡಿಕೊಂಡರು. ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಬಿಪಿ ಇಳಿಯಿತು. ಭದ್ರಾವತಿಗೆ ಕರೆದುಕೊಂಡು ಬಂದೆ. ಇಲ್ಲಿನ ನರ್ಸಿಂಗ್ ಹೋಮಿನಲ್ಲಿ ತೋರಿಸಿದೆವು. ಮಾತ್ರೆ, ಊಟ, ನಿದ್ದೆ, ಎಲ್ಲ ನನ್ನ ಕಣ್ಣ ಮುಂದೆಯೇ.

ನೀವು ಈಗ ಕೇಳುತ್ತೀರಿ, ರೇಖಿ ಸುಳ್ಳೋ ನಿಜವೋ ಹೇಳಿಬಿಡಿ ಅಂತ. ನನಗೆ ಗೊತ್ತಿಲ್ಲ. ಗುರುವಾರ ನಸುಕಿನಲ್ಲಿ ನೋವು ಶುರುವಾದಾಗ ನಾನು ಸುಜಾತಳ ಸೊಂಟದ ಮೇಲೆ ಕೈ ಇಟ್ಟೆ. ಮೇಡಂ ಕಲಿಸಿದ ಹಾಗೆ ಬೆರಳು ಸೇರಿಸಿ, ಮೈ ಮುಟ್ಟಿಯೇ ಇಟ್ಟೆ. ತೆಗೆಯಲು ಹೋದರೆ "ಅಲ್ಲೇ ಇರ್ಲಿ ಅಮ್ಮ" ಎಂದಳು. ಲೇಬರ್ ವಾರ್ಡಿಗೆ ಕರೆದೊಯ್ಯುವವರೆಗೂ ಇಟ್ಟೇ ಇದ್ದೆ. ಅದು ರೇಖಿಯಾದರೆ ನನ್ನವ್ವನಿಗೂ ರೇಖಿ ಬರುತ್ತಿತ್ತು. ನನ್ನ ಸೊಂಟದ ಮೇಲೆ ಅವಳೂ ಹೀಗೇ ಕೈ ಇಟ್ಟಿದ್ದಳು, ಅವಳಿಗೆ ಜಪಾನು ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ.

ಕೈ ಇಡುವವರ ಮೇಲೆ ನನಗೆ ಸಿಟ್ಟಿಲ್ಲ. ಇಡಲಿ. ಈ ಊರಿನಲ್ಲಿ ಒಬ್ಬರ ಮೈ ಮೇಲೆ ಇನ್ನೊಬ್ಬರು ಪ್ರೀತಿಯಿಂದ ಕೈ ಇಡುವುದೇ ಕಡಿಮೆಯಾಗಿದೆ. ಆದರೆ ಒಂದು ಕೈ ತಲೆಯ ಮೇಲಿಟ್ಟು ಇನ್ನೊಂದು ಕೈಯಿಂದ ಔಷಧಿ ಕಿತ್ತುಕೊಳ್ಳುವವರಿದ್ದಾರಲ್ಲ? ಬೇರೆಯವರನ್ನು ಕೇಳಬೇಡ ಎನ್ನುವವರಿದ್ದಾರಲ್ಲ? ಅವರ ಬಗ್ಗೆ ನಾನು ಹೇಳುತ್ತಿರುವುದು. ನಂಬಿಕೆ ಬೇಕು ಎಂದು ಅಳುವವಳ ಹತ್ತಿರ ಮೊದಲು ಬರುವವರು ಅವರೇ. ಒಳ್ಳೆಯ ಜನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಾ ನಿಂತಿರುತ್ತಾರೆ.

ಸರಿ, ಭಾಷಣ ಸಾಕು. ಗುರುವಾರ ಸಂಜೆಯದು ಹೇಳುತ್ತೇನೆ.

ಬೀಗರು ಶಿವಮೊಗ್ಗದಿಂದ ಬಂದರು. ಮೇಡಂ ಅವರ ಜೊತೆಯಲ್ಲೇ ಬಂದರು, ತಾವೇ ಹೆಣೆದ ಉಲ್ಲನ್ ಟೋಪಿ ತಂದಿದ್ದರು. ನಾನು ಮನೆಯಿಂದ ಕ್ಯಾರಿಯರ್ ತುಂಬ ಅನ್ನ, ಮೆಣಸಿನ ಸಾರು, ತುಪ್ಪ, ಹುರುಳಿಕಾಯಿ ಪಲ್ಯ ತಂದಿದ್ದೆ. ಬಾಣಂತಿಗೆ ಬೇರೆ ಅಡಿಗೆ, ನಮಗೆ ಬೇರೆ ಅಡಿಗೆ ಮಾಡಲು ಅವತ್ತು ಯಾರಿಗೆ ಪುರಸೊತ್ತಿತ್ತು? ಎಲ್ಲರಿಗೂ ಬಾಣಂತಿಯ ಊಟವೇ. ನರ್ಸಿಂಗ್ ಹೋಮಿನ ಆ ಸಣ್ಣ ರೂಮಿನಲ್ಲಿ ಪೇಪರ್ ಹಾಸಿ ನೆಲದ ಮೇಲೆ ಸುತ್ತ ಕೂತೆವು. ಸುಜಾತ ಮಂಚದ ಮೇಲೆ ತಟ್ಟೆ ಇಟ್ಟುಕೊಂಡಿದ್ದಳು. ತೊಟ್ಟಿಲಲ್ಲಿ ಮೊಮ್ಮಗಳು ಮುಷ್ಟಿ ಬಿಗಿಹಿಡಿದು ಮಲಗಿದ್ದಳು, ಯಾರ ಮೇಲೋ ಅನುಮಾನ ಇರುವವಳ ಹಾಗೆ ಹುಬ್ಬು ಗಂಟಿಕ್ಕಿಕೊಂಡು.

"ನಾನು ಮನೆದೇವರಿಗೆ ಹರಕೆ ಹೊತ್ತಿದ್ದೆ. ಅದು ಫಲಿಸ್ತು ನೋಡಿ" ಎಂದರು ಬೀಗಿತ್ತಿ.

"ಗುರೂಜಿ ಮಾರ್ಕೆಟ್ಟಲ್ಲಿ ಸಿಕ್ಕಿದ್ರು" ಎಂದರು ಯಜಮಾನರು, ಅನ್ನ ಕಲಸುತ್ತಾ. "ಬೆಳಗ್ಗೆಯಿಂದ ಶಕ್ತಿ ಕಳಿಸ್ತಾ ಇದ್ದೆ, ತಲುಪಿತಾ ಅಂದ್ರು. ತಲುಪಿತು, ಮೂರು ಕೇಜಿ ಇದೆ ಅಂದೆ."

ಮೇಡಂ ನಕ್ಕು ಕೆಮ್ಮಿದರು. "ನಾನೂ ಪ್ರಾರ್ಥನೆ ಮಾಡ್ತಿದ್ದೆ ಕಣ್ರೀ. ಸುಳ್ಳು ಹೇಳಲ್ಲ."

"ಇಲ್ಲಿನ ಡಾಕ್ಟ್ರಮ್ಮ ಬಂದು ತಮ್ಮ ಮಾತ್ರೆಯಿಂದ ಅಂದು ಹೋದ್ರು" ಎಂದಳು ಸುಜಾತ.

"ನಾನು ಬೆಳಗ್ಗೆಯಿಂದ ಆ ಕಾರಿಡಾರಲ್ಲಿ ಎಷ್ಟು ಸಲ ನಡೆದೆ ಗೊತ್ತಾ? ಅದೇನು ಲೆಕ್ಕಕ್ಕಿಲ್ವಾ?" ಯಜಮಾನರೂ ತಮ್ಮ ಪಾಲು ಕೇಳಿದರು.

ಇಷ್ಟು ಹೊತ್ತೂ ತಲೆ ಬಗ್ಗಿಸಿ ಊಟ ಮಾಡುತ್ತಿದ್ದ ಮಹೇಶ, ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಅತ್ತೆ, ನಾನೂ ಒಬ್ಬ ಇದ್ದೆ" ಎಂದ.

ಬೀಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡರು. ಸುಜಾತ ನಗುತ್ತಾ, ನೋಯುತ್ತೆ ನಗಿಸಬೇಡಿ ಎನ್ನುತ್ತಾ ಹೊಟ್ಟೆ ಹಿಡಿದುಕೊಂಡಳು. ಎಷ್ಟು ವರ್ಷವಾಗಿತ್ತು ಇವಳು ಹೀಗೆ ನಕ್ಕು! ಸದ್ದಿಗೆ ನರ್ಸು ಬಂದು ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟಳು. ಅವಳಿಗೂ ಒಂದು ಪೇಡಾ ಕೊಟ್ಟೆ.

ಎಲ್ಲರಿಗೂ ಇನ್ನೊಂದು ಸೌಟು ಸಾರು ಬಡಿಸಿದೆ. ಬಡಿಸುತ್ತಾ ಬಡಿಸುತ್ತಾ ಒಬ್ಬೊಬ್ಬರ ಮುಖ ನೋಡಿದೆ. ಕೇಳದೆ ಇರಲಾಗಲಿಲ್ಲ.

"ಸರಿ, ಇಷ್ಟು ಜನ ಸೇರಿ ಹಡೆದಿದ್ದೀರಿ. ಈಗ ಹೇಳಿ, ರಾತ್ರಿ ಎದ್ದು ಒದ್ದೆ ಬಟ್ಟೆ ಬದಲಾಯಿಸೋರು ಯಾರು?"